ಪೆನ್ನು ಮುಟ್ಟಬಾರದು

ಕಾಲೇಜು, ಸೈನಿಕ ಅಕಾಡೆಮಿಗಳ ಕಲಿಕಾ ಕೇಂದ್ರಗಳಲ್ಲಿ ವಿದ್ಯಾರ್ಥಿಗಳಿಗೆ ಹೇಳಿಕೊಡುವವರ ತರಬೇತಿಯಲ್ಲಿ ಅವತ್ತಿನ ಪಾಠ ಒಂದೇ: ಹೇಳಿಕೊಡುವವನು ವಿದ್ಯಾರ್ಥಿಯ ಪೆನ್ನು ಮುಟ್ಟಬಾರದು. ಕುರ್ಚಿ ಜೋಡಿಸುವ ಹುದ್ದೆಯಿಂದ ಹೇಳಿಕೊಡುವ ಹುದ್ದೆಗೇರಲು ಹವಣಿಸುತ್ತಿದ್ದ ನಮ್ಮ ಸಿಡುಕಪ್ಪ ಎದೆ ತಟ್ಟಿಕೊಂಡು ಎದ್ದ. "ಮೇಷ್ಟ್ರು ಸೀಮೆಸುಣ್ಣ ಕಿತ್ಕೊಂಡ್ರು ಅಂತಾನೇ ನಾನು ಶಾಲೆ ಬಿಟ್ಟಿದ್ದು. ನನಗೇ ಈ ಪಾಠಾನಾ?"

ಸಿಡುಕಪ್ಪನ ಪರೀಕ್ಷೆಗೆ ಅಕಾಡೆಮಿಯ ಮೀಸೆ ಕ್ಯಾಪ್ಟನ್ ವಿದ್ಯಾರ್ಥಿಯಾಗಿ ಕೂತರು. ಅರ್ಧಕ್ಕೆ ಕಾಲು ಕೂಡಿಸಿ ಎಂದು ಸಿಡುಕಪ್ಪ ಹೇಳಿದರೆ, ಮೇಲಿನಂಕಿಗೆ ಮೇಲಿನದು, ಕೆಳಗಿನಂಕಿಗೆ ಕೆಳಗಿನದು ಕೂಡಿಸಿ ಆರರಲ್ಲಿ ಎರಡು ಎಂದು ಬರೆದರು.

"ಇನ್ನೊಂದ್ಸಲ ನೋಡಿ ಸಾರ್."

ಮತ್ತೆ ಅದನ್ನೇ ಬರೆದರು.

"ಅಯ್ಯೋ, ತಲೇಲಿ ಏನಿದೆ ನಿಮಗೆ? ಕೊಡಿ ಇಲ್ಲಿ!"

ಪೆನ್ನು ಸಿಡುಕಪ್ಪನ ಕೈಗೆ ಬಂದಿತ್ತು. ಇಷ್ಟು ವರ್ಷ ತಾನು ಶಪಿಸುತ್ತಿದ್ದ ಮೇಷ್ಟ್ರು ಅವನ ಗಂಟಲಲ್ಲೇ ಬಿಡಾರ ಹೂಡಿದ್ದರು.

"ಮೇಷ್ಟ್ರೇ, ಈಗ ನಾನೂ ಶಾಲೆ ಬಿಡ್ಲಾ?" ಎಂದರು ಕ್ಯಾಪ್ಟನ್.

ಕೋಣೆಯೆಲ್ಲ ನಕ್ಕಿತು. ಸಿಡುಕಪ್ಪ ಪೆನ್ನು ವಾಪಸ್ ಕೊಟ್ಟು, ಯಾರೂ ಹೇಳುವ ಮೊದಲೇ ಕುರ್ಚಿ ಜೋಡಿಸಲು ಹೊರಟ.