ಹೆಣದ ಪಾರ್ಟು

ನಮ್ಮ ಕಾಲೇಜಿನ ಅಧ್ಯಾಪಕರೆಲ್ಲ ಸೇರಿ ಪ್ರತಿ ವರ್ಷ ಒಂದು ಕೊಲೆಯ ನಾಟಕ ಆಡುತ್ತೇವೆ. ಬರೆಯುವವಳು ನಾನು. ಹೆಣದ ಪಾರ್ಟು ನನ್ನ ಗಂಡನದು. ಗಣಿತದ ಮೇಷ್ಟ್ರಾದ ಅವನಿಗೆ ಎರಡು ಸಾಲು ಮಾತು ಬಾಯಿಪಾಠವಾಗುತ್ತಿರಲಿಲ್ಲ. ಹಾಗಾಗಿ ಪರದೆ ಏಳುವ ಮೊದಲೇ ಸತ್ತು ಬಿದ್ದಿರುತ್ತಿದ್ದ. ಅದನ್ನೂ ಕೆಡಿಸುತ್ತಿದ್ದ. ಪತ್ತೇದಾರ ವಿಚಾರಣೆ ಶುರುಮಾಡಿದರೆ ಸಾಕು, ಹೆಣದ ಹೊಟ್ಟೆ ಕುಲುಕುತ್ತಿತ್ತು. ಸಭೆಯೆಲ್ಲ ಗೊಳ್ಳೆನ್ನುತ್ತಿತ್ತು.

"ಅಷ್ಟು ನಗೋಕೆ ಏನಿರುತ್ತೆ ನಿಂಗೆ?" ಎಂದು ಮನೆಗೆ ಬಂದು ಉರಿದುಬೀಳುತ್ತಿದ್ದೆ.

"ಒಂದ್ಸಲ ನೀನೇ ಬಂದು ಮಲ್ಕೊಂಡು ನೋಡು, ಗೊತ್ತಾಗುತ್ತೆ."

ಹೋಗಲಿಲ್ಲ. ಪರದೆಯ ಹಿಂದೆ ಕೂತು ಮಾತು ಎತ್ತಿಕೊಡುವ ಕೆಲಸವೂ ನನ್ನದೇ. ನಾನು ಎದ್ದರೆ ಪತ್ತೇದಾರನಿಗೆ ಕೊಲೆಗಾರ ಯಾರೆಂಬುದೇ ಮರೆತುಹೋಗುತ್ತಿತ್ತು.

ಅವನು ತೀರಿಕೊಂಡ ಮೇಲೆ ಇದು ಮೊದಲ ನಾಟಕ. ತಾಲೀಮಿಗೆ ಹೋದರೆ, ನಾನು ಬರೆದುಕೊಟ್ಟಿದ್ದ ಕೊಲೆ ಅದರಲ್ಲಿರಲಿಲ್ಲ.

"ಸಣ್ಣ ಬದಲಾವಣೆ ಮೇಡಂ," ಎಂದರು ಪತ್ತೇದಾರನ ಪಾರ್ಟು ಮಾಡುವ ರಸಾಯನಶಾಸ್ತ್ರದ ಮೇಷ್ಟ್ರು, ನೆಲ ನೋಡುತ್ತ. "ನಾಟಕದ ಯಜಮಾನ್ರು ಸಾಯಲ್ಲ. ಸುಮ್ನೆ ತಲೆ ಸುತ್ತಿ ಬೀಳ್ತಾರೆ."

"ಮತ್ತೆ ನೀವು ಹಿಡಿಯೋದು ಯಾರನ್ನ?"

"ತಲೆ ಸುತ್ತಿಸಿದವರನ್ನ."

ಪ್ರಾಂಶುಪಾಲರು ಕೆಮ್ಮಿದರು. "ನಿನಗೆ ನೋವಾಗಬಾರದು ಅಂತ ಕಣಮ್ಮ."

"ಸಾಯ್ಲಿ ಸಾರ್. ಇಲ್ಲಾಂದ್ರೆ ಮೂರು ಅಂಕ ಪೂರ್ತಿ ನೀವೆಲ್ಲ ಏನ್ ಮಾಡ್ತೀರಿ?"

ಆದರೆ ಹೆಣ ಯಾರಾಗಬೇಕು? ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಧೂಳು ಆಗದು. ಅವನ ಜಾಗದಲ್ಲಿ ಮಲಗಲು ಯಾರಿಗೂ ಮನಸ್ಸಿರಲಿಲ್ಲ. ಹಸ್ತಪ್ರತಿಯನ್ನು ಗ್ರಂಥಪಾಲಕಿಯ ಕೈಗಿತ್ತು, ಅವರನ್ನು ಪರದೆಯ ಹಿಂದೆ ಕೂರಿಸಿ, ನಾನೇ ಹೋಗಿ ಮಲಗಿದೆ.

ನೆಲ ತಣ್ಣಗಿತ್ತು. ವಿಚಾರಣೆ ಶುರುವಾಯಿತು. ಅರೆಗಣ್ಣು ತೆರೆದೆ. ಪಕ್ಕದ ಪರದೆ ನೆಲ ಮುಟ್ಟಲು ಒಂದು ಗೇಣು ಕಮ್ಮಿ. ಆ ಸಂದಿಯಲ್ಲಿ, ಬೆಳಕಿಗೆಂದು ಬಗ್ಗಿ ಕೂತ ಗ್ರಂಥಪಾಲಕಿಯ ಮುಖವಷ್ಟೇ ಕಾಣುತ್ತಿತ್ತು. ಸದ್ದಿಲ್ಲದೆ ಎಲ್ಲರ ಮಾತನ್ನೂ ಆಡುತ್ತಿದ್ದರು. ಪತ್ತೇದಾರನ ಮಾತಿಗೆ ಹುಬ್ಬು ಗಂಟಿಕ್ಕಿದರು, ಅಡುಗೆಯವಳ ಮಾತಿಗೆ ತುಟಿ ಸೊಟ್ಟ ಮಾಡಿ ಅತ್ತರು, ಕೊಲೆಗಾರನ ಮಾತಿಗೆ ಹಲ್ಲು ಕಡಿದರು.

ಇಷ್ಟು ವರ್ಷ ಅಲ್ಲಿ ಕೂರುತ್ತಿದ್ದವಳು ನಾನು.

ನನ್ನ ಹೊಟ್ಟೆ ಕುಲುಕಿತು. ತಡೆಯಲಾಗಲಿಲ್ಲ.

"ಮೇಡಂ, ನೀವು ಸತ್ತಿದ್ದೀರಿ," ಎಂದು ರಸಾಯನಶಾಸ್ತ್ರದ ಮೇಷ್ಟ್ರು ಮೆಲ್ಲಗೆ ನೆನಪಿಸಿದರು.

"ಗೊತ್ತು," ಎಂದು ಕಣ್ಣು ಮುಚ್ಚಿಕೊಂಡೆ.

ಯಾವುದಾದರೂ ಒಂದು ತಾಲೀಮಿನಲ್ಲಿ, ಐದು ನಿಮಿಷ, ಬಂದು ಅವನ ಪಕ್ಕ ಮಲಗಬಹುದಿತ್ತು.