ಭಾವ ಬೇಡ ಅಂದದ್ದು

ನಾನು ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವಳು. ಬಾಯಿಯೇ ನನ್ನ ಬಂಡವಾಳ. ಈರುಳ್ಳಿ ಮೂಟೆ ಕಟ್ಟೆಯ ಮೇಲೆ ಬಿದ್ದ ಗಳಿಗೆಯಿಂದ ಅದು ಯಾರದೋ ಗಾಡಿ ಹತ್ತುವವರೆಗೆ ನಾನು ಉಸಿರು ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿನವರು ಹೇಳುತ್ತಾರೆ. ಅದು ಸುಳ್ಳು, ನಡುವೆ ಒಮ್ಮೆ ತೆಗೆದುಕೊಳ್ಳುತ್ತೇನೆ. ಇಂಥ ನನಗೆ ಸಿಕ್ಕ ಭಾವ ಎಂಥವರೆಂದರೆ, ‘ಬಾಗಿಲು ಹಾಕು’ ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಬೆಕ್ಕು ಒಳಗೆ ಬಂದು, ಹಾಲು ಕುಡಿದು, ಮೀಸೆ ಒರೆಸಿಕೊಂಡು ಹೊರಟಿರುತ್ತದೆ.

ಭಾವನಿಗೆ ಚಿಕ್ಕಂದಿನಿಂದ ಉಗ್ಗು. ಮಾತು ಗಂಟಲವರೆಗೆ ಸರಾಗವಾಗಿ ಬರುತ್ತದೆ, ತುಟಿಯ ಹತ್ತಿರ ಬಂದು ನಿಂತುಬಿಡುತ್ತದೆ. ಆಗ ಅವರು ಕಣ್ಣು ಮುಚ್ಚುವುದಿಲ್ಲ, ಕೈ ಆಡಿಸುವುದಿಲ್ಲ, ಮಾತನ್ನು ಬದಲಾಯಿಸುವುದೂ ಇಲ್ಲ. ಎದುರಿನವರನ್ನೇ ನೋಡುತ್ತ, ಆ ಮಾತು ಬರುವ ತನಕ ನಿಂತಿರುತ್ತಾರೆ. ಆದರೆ ಎದುರಿನವರು ನಿಲ್ಲಬೇಕಲ್ಲ? ಅಕ್ಕನೋ ನಾನೋ ಅಷ್ಟರಲ್ಲಿ ಆ ವಾಕ್ಯವನ್ನು ಮುಗಿಸಿ, ಉತ್ತರವನ್ನೂ ಕೊಟ್ಟು, ಮುಂದಿನ ವಿಷಯಕ್ಕೆ ಹೋಗಿರುತ್ತೇವೆ. ಅವರ ಮಾತುಗಳನ್ನು ನಾನಿಲ್ಲಿ ಇಡಿಯಾಗಿಯೇ ಬರೆಯುತ್ತೇನೆ. ಓದುವವರು ನಡುನಡುವೆ ಬೇಕಾದಷ್ಟು ಹೊತ್ತನ್ನು ಸೇರಿಸಿಕೊಳ್ಳಬೇಕು.

ನಾವು ಮೂವರೂ ಇರುವ ಮನೆಯ ಕೆಳಗೇ ಅವರ ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಗೆ ಬಂದವರ ಮೂಗಿನ ಮೇಲೆ ಆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಇಳಿಸುತ್ತ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುತ್ತಾರೆ. ಕೊನೆಯ ಸಾಲಿನ ಚಿಕ್ಕ ಅಕ್ಷರಗಳ ಮುಂದೆ ಜನ ತಡವರಿಸುವಾಗ ಅವರು ಒಂದು ದಿನವೂ ಅವಸರ ಮಾಡಿದ್ದನ್ನು ನಾನು ಕಂಡಿಲ್ಲ. ಓದುವವರು ತಾವಾಗಿ ಓದಲಿ ಎಂದು ಗಾಜು ಹಿಡಿದುಕೊಂಡು ಕಾಯುತ್ತಾರೆ. ನಾನಾಗಿದ್ದರೆ ‘ಅದು ಅ, ಮುಂದೆ ಓದ್ರೀ’ ಎಂದು ಕಿರುಚುತ್ತಿದ್ದೆ.

ಈ ಕತೆ ಶುರುವಾದದ್ದು ಮನೆಯ ಇಂಟರ್ನೆಟ್ಟಿನ ಬಿಲ್ಲಿನಿಂದ. ಹಳೆಯ ಕರಾರು ಮುಗಿಯುತ್ತಿತ್ತು. ಅದು ಮುಗಿದ ಮೇಲೆ ಈ ಕಂಪನಿಯ ಸಹವಾಸ ಬಿಡುವುದು ಎಂದು ಮೂವರೂ ಮಾತಾಡಿಕೊಂಡಿದ್ದೆವು. ಮಧ್ಯಾಹ್ನ ಗಿರಾಕಿಗಳು ಬರುವ ಹೊತ್ತಿಗೆ ಸರಿಯಾಗಿ ಕೈಕೊಡುವ ಸಂಪರ್ಕ ಅದು. ಆದರೆ ಬಿಡುವ ತಿಂಗಳಲ್ಲಿ ಬಿಲ್ಲು ಎರಡರಷ್ಟಾಗಿ ಬಂತು. ಜೊತೆಗೆ ಒಂದು ಅಭಿನಂದನೆ: ನೀವು ಅತಿವೇಗದ ಹೊಸ ಯೋಜನೆಗೆ ಒಪ್ಪಿದ್ದೀರಿ, ಎರಡು ವರ್ಷದ ಕರಾರು, ನಡುವೆ ಬಿಟ್ಟರೆ ದಂಡ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು.

“ಯಾರು ಒಪ್ಪಿದ್ದು?” ಅಕ್ಕ ಕೇಳಿದಳು.

ಸಂಪರ್ಕ ಭಾವನ ಹೆಸರಿನಲ್ಲಿತ್ತು. ಇಬ್ಬರೂ ಅವರ ಕಡೆ ತಿರುಗಿದೆವು.

“ಅವರು ಫೋನ್ ಮಾಡಿದ್ರು,” ಎಂದರು ಭಾವ. “ನಾನು ಬೇಡ ಅಂದೆ.”

ಅಕ್ಕ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಅಷ್ಟೇ ನಡೆದದ್ದು. ಆದರೆ ಅದು ಭಾವನ ಕಣ್ಣಿಗೆ ಬಿತ್ತು. ಊರವರ ಕಣ್ಣು ನೋಡುವವರಿಗೆ ಮನೆಯವರ ಕಣ್ಣು ಕಾಣದೇ?

“ಅಂದಿದ್ದೀನಿ,” ಎಂದು ಇನ್ನೊಮ್ಮೆ ಹೇಳಿದರು.

“ಅನ್ನೋಕೆ ಹೊರಟಿರ್ತೀರಿ, ಅಷ್ಟರಲ್ಲಿ ಅವರು ಇಟ್ಟಿರ್ತಾರೆ. ಹೋಗ್ಲಿ ಬಿಡಿ,” ಎಂದಳು ಅಕ್ಕ. ಸಮಾಧಾನ ಮಾಡುವುದಕ್ಕೆಂದೇ ಹೇಳಿದಳು ಪಾಪ. ಭಾವ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಅಂಗಡಿಗೆ ಇಳಿದು ಹೋದರು. ಮೆಟ್ಟಿಲಿನಿಂದ ಇಣುಕಿದೆ. ಅದಾಗಲೇ ಫಳಫಳ ಹೊಳೆಯುತ್ತಿದ್ದ ಗಾಜುಗಳನ್ನು ಒಂದೊಂದಾಗಿ ಮತ್ತೆ ಒರೆಸುತ್ತಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ, ನನಗಿರುವ ಬಾಯಿಗೆ ಒಂದು ಕಂಪನಿ ಯಾವ ಲೆಕ್ಕ ಎಂದು ಫೋನ್ ಹಿಡಿದು ಕೂತೆ. ಮೊದಲು ಒಂದು ಯಂತ್ರ ಸಿಕ್ಕಿತು. ‘ನಿಮ್ಮ ಸಮಸ್ಯೆಯನ್ನು ಒಂದೆರಡು ಮಾತಿನಲ್ಲಿ ತಿಳಿಸಿ’ ಎಂದಿತು. ಒಂದೆರಡು ಮಾತಿನಲ್ಲಿ ತಿಳಿಸುವ ಅಭ್ಯಾಸ ನನಗಿಲ್ಲ. ಎಲ್ಲವನ್ನೂ ತಿಳಿಸಿದೆ. ‘ಹೊಸ ಸಂಪರ್ಕ ಬೇಕೆಂದಿರಿ, ಸಂತೋಷ’ ಎಂದಿತು. ಕೊನೆಗೆ ಒಬ್ಬ ಮನುಷ್ಯ ಸಿಕ್ಕಿದ. ಅವನು ನನ್ನ ಮಾತೆಲ್ಲ ಕೇಳಿ, “ಮೇಡಂ, ಖಾತೆದಾರರೇ ಮಾತಾಡಬೇಕು,” ಎಂದ.

ಭಾವ ಮಾತಾಡಿದರು. ಯಂತ್ರ ‘ತಿಳಿಸಿ’ ಎಂದಿತು. ಭಾವ ತುಟಿ ಕೂಡಿಸಿದರು. ‘ಕ್ಷಮಿಸಿ, ಏನೂ ಕೇಳಿಸಲಿಲ್ಲ’ ಎಂದು ಯಂತ್ರ ಫೋನ್ ಇಟ್ಟಿತು. ಮತ್ತೆ ಮಾಡಿದರು, ಮತ್ತೆ ಇಟ್ಟಿತು. ನಾನು ಪಕ್ಕದಲ್ಲಿ ಗಾಳಿಗೆ ಗುದ್ದುತ್ತ ಓಡಾಡುತ್ತಿದ್ದೆ. ಭಾವ ಮಾತ್ರ, ಅಂಗಡಿಯ ಬಾಗಿಲಿಗೆ ಬಂದ ಗಿರಾಕಿಗೆ ಕೂರಲು ಕೈ ತೋರಿಸಿ, ಮತ್ತೊಮ್ಮೆ ನಂಬರು ಒತ್ತಿದರು. ಭಾವನಿಗೆ ಸಿಟ್ಟು ಬರುವುದಿಲ್ಲ ಎಂದಲ್ಲ. ಬಂದ ಸಿಟ್ಟನ್ನು ಖರ್ಚು ಮಾಡುವುದಿಲ್ಲ, ಅಷ್ಟೆ.

“ಭಾವ, ದಂಡ ಕಟ್ಟಿ ಬಿಟ್ಟುಬಿಡೋಣ,” ಎಂದೆ. “ನಾನೇ ಕೊಡ್ತೀನಿ.”

“ದುಡ್ಡಿನ ಮಾತಲ್ಲ ಗಿಣಿ,” ಎಂದರು. ನನ್ನನ್ನು ಅವರು ಗಿಣಿ ಎಂದೇ ಕರೆಯುವುದು. “ನಾನು ಬೇಡ ಅಂದಿದ್ದೀನಿ. ನಿಮ್ಮಕ್ಕ ನಂಬಲಿಲ್ಲ. ನೀನೂ ನಂಬಲಿಲ್ಲ. ಕರೆ ರೆಕಾರ್ಡ್ ಆಗುತ್ತೆ ಅಂತ ಶುರುವಿನಲ್ಲೇ ಹೇಳ್ತಾರಲ್ಲ, ಅದು ಅವರ ಹತ್ರ ಇರುತ್ತೆ. ಅದನ್ನ ಕೇಳಬೇಕು. ನೀವಿಬ್ಬರೂ ಕೇಳಬೇಕು.”

ಮರುದಿನ ಅಂಗಡಿಗೆ ಬೀಗ ಹಾಕಿದರು. ಜ್ವರ ಬಂದರೂ ಹಾಕದ ಬೀಗ ಅದು. ಒಗೆದ ಅಂಗಿ ತೊಟ್ಟು, ನಮ್ಮಿಬ್ಬರನ್ನೂ ಕರೆದುಕೊಂಡು ಕಂಪನಿಯ ಕಚೇರಿಗೆ ಹೊರಟರು.

ಕಚೇರಿ ತಣ್ಣಗಿತ್ತು. ಗೋಡೆಯ ತುಂಬ ದೊಡ್ಡ ಚಿತ್ರ, ಅದರಲ್ಲಿ ಒಂದು ಇಡೀ ಕುಟುಂಬ ಒಂದು ಫೋನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಬಿಲ್ಲು ಬಂದಿಲ್ಲ ಅವರಿಗೆ, ಅಂದುಕೊಂಡೆ. ಕೆಳಗೆ ಕುರ್ಚಿಗಳಲ್ಲಿ ಬಿಲ್ಲು ಬಂದವರು ಚೀಟಿ ಹಿಡಿದು ಕೂತಿದ್ದರು. ನಮ್ಮ ಸರದಿ ಬಂದಾಗ ಟೈ ಕಟ್ಟಿದ ಮ್ಯಾನೇಜರು ಪರದೆ ನೋಡಿ, “ಒಪ್ಪಿಗೆ ಅಂತಲೇ ಇದೆ ಸರ್,” ಎಂದ.

“ರೆಕಾರ್ಡಿಂಗ್ ಕೇಳಿಸಿ,” ಎಂದರು ಭಾವ. ಆ ಎರಡು ಮಾತಿಗೆ ಮ್ಯಾನೇಜರು ಮೂರು ಸಲ ನಡುವೆ ಬಾಯಿ ಹಾಕಿದ. ಭಾವ ಮೂರು ಸಲವೂ ಮೊದಲಿನಿಂದ ಶುರು ಮಾಡಿದರು.

“ಹಾಗೆಲ್ಲ ಕೇಳಿಸೋಕೆ ಆಗಲ್ಲ ಸರ್. ಮೇಲಿನವರನ್ನ ಕೇಳಬೇಕು.”

“ಕೇಳಿ. ಕಾಯ್ತೀನಿ.”

ಕಾಯುವುದೆಂದರೆ ಹೇಗೆಂದು ಆ ಕಚೇರಿ ಅವತ್ತು ಕಲಿಯಿತು. ಭಾವ ಆ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. ಮ್ಯಾನೇಜರು ಯಾರಿಗೋ ಸಂದೇಶ ಕಳಿಸುತ್ತ, ಜಾರುವ ಕನ್ನಡಕವನ್ನು ಪದೇಪದೇ ಮೇಲೆ ತಳ್ಳುತ್ತಿದ್ದ. ಒಂದು ಹಂತದಲ್ಲಿ ಭಾವ ಸುಮ್ಮನೆ ಕೈ ಚಾಚಿದರು. ಅವನಿಗೇನು ತೋಚಿತೋ, ತೆಗೆದು ಕೊಟ್ಟ. ಭಾವ ಜೇಬಿನಿಂದ ಪುಟಾಣಿ ಸ್ಕ್ರೂಡ್ರೈವರ್ ತೆಗೆದು ಎರಡೂ ಕಡೆ ಬಿಗಿ ಮಾಡಿ, ಕಿವಿಯ ಹಿಂದಿನ ಬಾಗು ಸ್ವಲ್ಪ ತಿದ್ದಿ, ಗಾಜು ಒರೆಸಿ ವಾಪಸು ಕೊಟ್ಟರು. ಜಗಳಕ್ಕೆ ಬಂದ ಜಾಗದಲ್ಲಿ ಎದುರಾಳಿಯ ಕನ್ನಡಕ ರಿಪೇರಿ ಮಾಡುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ನನ್ನ ಅಕ್ಕನ ಗಂಡ. ಮ್ಯಾನೇಜರು ಕನ್ನಡಕ ಹಾಕಿಕೊಂಡು, ತಲೆ ಬಗ್ಗಿಸಿ ನೋಡಿದ. ಜಾರಲಿಲ್ಲ. ಸಂದೇಶ ಕಳಿಸುವುದನ್ನು ಬಿಟ್ಟು, “ಮೇಲಿನವರು ಉತ್ತರ ಕೊಡೋ ಹಾಗೆ ಕಾಣಲ್ಲ. ನಾನೇ ಕೇಳಿಸ್ತೀನಿ ಬಿಡಿ,” ಎಂದ.

ಸ್ಪೀಕರಿನಲ್ಲಿ ಒಬ್ಬ ಹುಡುಗಿಯ ದನಿ ಬಂತು. ಅರಳು ಹುರಿದ ಹಾಗೆ ಮಾತು. ನಾನು ಮೆಚ್ಚಬೇಕು, ನಮ್ಮ ಕಟ್ಟೆಗೆ ಬಂದರೆ ಮರುದಿನವೇ ಕೆಲಸ ಕೊಡಿಸುತ್ತೇನೆ. ವೇಗ, ಉಚಿತ, ಕೊಡುಗೆ ಎಂದೆಲ್ಲ ಹೇಳಿ, “ಬೇಡ ಅಂದ್ರೆ ಈಗಲೇ ಹೇಳಿಬಿಡಿ ಸರ್,” ಎಂದಳು. ಒಂದು ಉಸಿರಿನಷ್ಟು ಖಾಲಿ. “ಓಕೆ ಸರ್, ಒಪ್ಪಿಗೆ ಅಂತ ಹಾಕ್ಕೊಂಡಿದ್ದೀನಿ, ಥ್ಯಾಂಕ್ಯೂ!”

ಮ್ಯಾನೇಜರು ನಿಲ್ಲಿಸಿದ. “ನೋಡಿ, ಬೇಡ ಅಂದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ಹಿರಿಯರೇ ಹೇಳಿದ್ದಾರೆ.”

ಅಕ್ಕ ತಲೆ ತಗ್ಗಿಸಿದಳು. ನನ್ನ ಬಾಯಿಯ ಬೀಗ ಕಳಚಿಬಿತ್ತು. “ರೀ ಸ್ವಾಮಿ, ನಾನು ಹರಾಜು ಕೂಗೋಳು! ನನ್ನ ಕಟ್ಟೇಲಿ ಸುಮ್ಮನೆ ನಿಂತವನ ತಲೆಗೆ ಮೂಟೆ ಕಟ್ಟಿ ದುಡ್ಡು ಕೇಳಿದ್ರೆ ಜನ ನನ್ನನ್ನೇ ಗಾಡಿಗೆ ತುಂಬಿ ಕಳಿಸ್ತಾರೆ! ಬಾಯಿ ಬಿಟ್ಟು ಕೇಳಿದವನಿಗೆ ಮಾಲು. ಸುಮ್ಮನಿದ್ದೋನು ಬರಿಗೈಲಿ ಮನೆಗೆ ಹೋಗ್ತಾನೆ, ಅದು ವ್ಯಾಪಾರ! ನಿಮ್ಮದ್ಯಾವ ಸೀಮೆ—”

ಭಾವ ಕೈ ಎತ್ತಿದರು. ನಾನು ನಿಲ್ಲಿಸಿದೆ.

“ಇನ್ನೂ ಮುಗಿದಿಲ್ಲ,” ಎಂದರು ಅವನಿಗೆ. “ಮುಂದೆ ಹಾಕಿ.”

“ಮುಂದೆ ಏನಿಲ್ಲ ಸರ್, ಸೇವೆಗೆ ಅಂಕ ಕೇಳೋ ಯಂತ್ರ, ಅಷ್ಟೇ.”

“ಹಾಕಿ.”

ಹಾಕಿದ. ‘ನಮ್ಮ ಪ್ರತಿನಿಧಿಯ ಸೇವೆ ನಿಮಗೆ ಹೇಗನಿಸಿತು? ದಯವಿಟ್ಟು ತಿಳಿಸಿ.’ ಸಂಗೀತ ಶುರುವಾಯಿತು. ಆ ಸಂಗೀತದ ಅಡಿಯಲ್ಲಿ ಒಂದು ಉಸಿರು ಕೇಳಿಸಿತು. ನನಗೆ ಆ ಉಸಿರು ಗೊತ್ತು, ಅಕ್ಕನಿಗೂ ಗೊತ್ತು. ಅಂಗಡಿಯಲ್ಲಿ ಒಬ್ಬರೇ ನಿಂತು, ಆ ಹುಡುಗಿ ಆಗಲೇ ಬಿಟ್ಟುಹೋದ ಫೋನಿನೊಳಗೆ, ಭಾವ ಆ ಒಂದು ಮಾತಿಗಾಗಿ ನಿಂತಿದ್ದರು. ಸಂಗೀತ ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಹಿಡಿಯಿತು. ಹಿಂದಿನ ಕುರ್ಚಿಗಳಲ್ಲಿ ಗುಸುಗುಸು ನಿಂತಿತ್ತು. ಆಮೇಲೆ ಸ್ಪಷ್ಟವಾಗಿ, ಗಂಟೆ ಹೊಡೆದ ಹಾಗೆ, ಬಂತು.

“ಬೇಡ.”

ಮತ್ತೆ ಸ್ವಲ್ಪ ಹೊತ್ತು. “ನನಗೆ ಬೇಡಮ್ಮ. ಥ್ಯಾಂಕ್ಸ್.”

‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂದಿತು ಯಂತ್ರ.

ಕಚೇರಿಯೆಲ್ಲ ಗೊಳ್ಳೆಂದಿತು. ಹಿಂದೆ ಚೀಟಿ ಹಿಡಿದಿದ್ದ ಒಬ್ಬ ಅಜ್ಜ, “ಅಂದಿದ್ದಾರಲ್ಲಪ್ಪ! ನಾವೂ ಕೇಳಿದ್ವಿ!” ಎಂದು ಎದ್ದೇ ನಿಂತ. ಅಕ್ಕನಿಗೆ ಕಣ್ಣೀರು ಕಿತ್ತುಕೊಂಡು ಬಂತು. ಭಾವನ ತೋಳು ಹಿಡಿದು, “ಅಂದಿದ್ರಿ,” ಎಂದಳು, “ಅಂದಿದ್ರಿ ಕಣ್ರೀ.” ನನಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಕೇಳುವವರು ಯಾರೂ ಇಲ್ಲವೆಂದು ಗೊತ್ತಾದ ಮೇಲೂ ಹೇಳಬೇಕಾದ್ದನ್ನು ಪೂರ್ತಿ ಹೇಳಿ, ಮೇಲೆ ಥ್ಯಾಂಕ್ಸೂ ಹೇಳಿ ಫೋನಿಟ್ಟ ಮನುಷ್ಯ ಅವರು. ಕೇಳುವವರು ಸಾವಿರ ಜನ ಇದ್ದರೂ ನಾನು ಅಷ್ಟು ಘನವಾದ ಒಂದು ಮಾತು ಆಡಿದವಳಲ್ಲ.

ಮ್ಯಾನೇಜರು ಕೆಂಪಗಾಗಿ ಕೀಲಿಗಳನ್ನು ಕುಟ್ಟತೊಡಗಿದ. ಕರಾರು ರದ್ದು, ದಂಡ ಇಲ್ಲ, ಹೆಚ್ಚಿನ ಹಣ ವಾಪಸು. ಆಮೇಲೆ ಅಭ್ಯಾಸಬಲ ನೋಡಿ, “ಸರ್, ಬಿಟ್ಟು ಹೋಗೋರಿಗೆ ಒಂದು ವಿಶೇಷ ಕೊಡುಗೆ ಇದೆ, ಮೂರು ತಿಂಗಳು ಉಚಿತ. ಬೇಕಾ ಸರ್?” ಎಂದ. ಕೇಳಿದ್ದೇ ತಡ ನಾಲಿಗೆ ಕಚ್ಚಿಕೊಂಡ.

ಭಾವ ಅವನನ್ನು ನೋಡಿದರು. ತುಟಿ ಕೂಡಿಸಿದರು.

ಆ ಮಾತು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಎರಡೇ ಅಕ್ಷರ. ಅಕ್ಕನಿಗೂ ಹಾಗೇ ಆಗಿರಬೇಕು, ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು, ಬಳೆಯ ಗುರುತು ಮೂಡುವಷ್ಟು. ಅಜ್ಜ ನಿಂತೇ ಇದ್ದ. ಪಕ್ಕದ ಕೌಂಟರಿನ ಹೆಂಗಸು ಬೆರಳುಗಳನ್ನು ಕೀಲಿಗಳಿಂದ ಎತ್ತಿದಳು. ಆ ತಣ್ಣಗಿನ ಕೋಣೆಯಲ್ಲಿ ಯಾರೊಬ್ಬರೂ ಭಾವನ ಮಾತನ್ನು ತಾವು ಆಡಲಿಲ್ಲ.

“ಬೇಡ,” ಎಂದರು ಭಾವ.

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತೆವು. ಅಕ್ಕ ಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ರಸ್ತೆಗೆ ಬೆನ್ನು ಹಾಕಿ, ನಡೆದದ್ದನ್ನೆಲ್ಲ ನಡೆದವರಿಗೇ ಮತ್ತೊಮ್ಮೆ ವರ್ಣಿಸುತ್ತಿದ್ದೆ. ಭಾವ ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಮಾತು ತುಟಿಯಲ್ಲಿ ನಿಂತಿತು.

ನಾನು ಬಾಯಿ ಮುಚ್ಚಿದೆ. ಏನಿರಬಹುದು ಎಂದು ಊಹಿಸಲೂ ಇಲ್ಲ. ಇಂಥ ದಿನ ಇಂಥ ಮನುಷ್ಯ ಹೇಳುವ ಮಾತು ಎಷ್ಟು ಹೊತ್ತಾದರೂ ಬರಲಿ ಎಂದು ಕೈಕಟ್ಟಿ ನಿಂತೆ. ಬೆನ್ನ ಹಿಂದೆ ಏನೋ ಭುಸ್ಸೆಂದಿತು, ಜನ ಹತ್ತಿ ಇಳಿದ ಸದ್ದಾಯಿತು, ಹೊಗೆಯ ವಾಸನೆ ಬಂತು. ನಾನು ತಿರುಗಲಿಲ್ಲ.

“ಬಸ್ ಬಂತು,” ಎಂದರು ಭಾವ.

ತಿರುಗಿದೆ. ಬಸ್ಸಿನ ಹಿಂಭಾಗ ತಿರುವಿನಲ್ಲಿ ಮರೆಯಾಗುತ್ತಿತ್ತು. ಅಕ್ಕ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದಳು. ಎಲ್ಲ ನೋಡಿಯೇ ಸುಮ್ಮನಿದ್ದಳು, ಕಳ್ಳಿ.

“ಅಲ್ಲ ಭಾವ, ಕೈ ತೋರಿಸಿದ್ರೆ ಆಗ್ತಿರಲಿಲ್ವಾ?”

“ಆಗ್ತಿತ್ತು,” ಎಂದರು. ಕಣ್ಣಲ್ಲಿ ತುಂಟತನ ತುಂಬಿತ್ತು. “ನೀನು ಎಷ್ಟು ಹೊತ್ತು ಕಾಯ್ತೀಯ ನೋಡೋಣ ಅಂತ.”

ಮುಂದಿನ ಬಸ್ಸು ಬೇಗ ಬರಲಿಲ್ಲ. ಬರದಿದ್ದರೂ ಚಿಂತೆಯಿರಲಿಲ್ಲ, ಭಾವ ಆಗಲೇ ಇನ್ನೊಂದು ಮಾತು ಶುರು ಮಾಡಿದ್ದರು.