ಗಾಡಿ ಇಳಿದವರು

ಮಾನ್ವೆಲ್ ಡಮಾಮಿ ಡೋಲು ಬಡಿದರೆ ಅತ್ತ ಅನಮೋಡದ ನಾಕಾದಲ್ಲಿ ಅಡ್ಡಗಂಬ ತಾನಾಗಿಯೇ ಮೇಲೇಳುತ್ತಿತ್ತು, ಗೋವಾದ ಲಾರಿಗಳು ತಪಾಸಣೆಯಿಲ್ಲದೆ ದಾಟಿಬಿಡುತ್ತಿದ್ದವು. ಹಾಗಂತ ಊರೂರು ಸಾರಿದವನು ಮಾನ್ವೆಲ್ಲನೇ. ಅಂಥ ಡಮಾಮಿಯನ್ನು ಕೊರಳಿಗೆ ಹಾಕಿಕೊಂಡು, ಎಂಬತ್ಮೂರರ ಮತದಾನದ ದಿನ ಅವನು ಅಂದಾನೆಪ್ಪಗೌಡರ ಎತ್ತಿನ ಗಾಡಿಯ ಮುಂದೆ ಸುಮ್ಮನೆ ನಿಂತಿದ್ದ. ಸಪ್ಪಳ ಕೇಳಿದ ಕೂಡಲೇ ಸಿದ್ದಿ ಕೇರಿಯವರು ಗಾಡಿ ಹತ್ತಬೇಕು, ಗೌಡರು ಹೇಳಿದ ಗುರುತಿಗೆ ಠಸ್ಸೆ ಒತ್ತಬೇಕು. ಗುಡಿಸಲುಗಳು ನಿಂತದ್ದು ಗೌಡರ ಜಾಗದಲ್ಲಿ.

"ಬಡಿಯೋ ಕರಿ ಸೂಳೆಮಗನ. ಕೈಗೆ ಲಕ್ವಾ ಹೊಡದೈತೇನು?"

"ಕೈ ಚೊಲೊ ಅದಾವ್ರಿ ಧಣಿ. ಡಮಾಮಿಗೇ ಮನಸ್ಸಿಲ್ಲ."

ಗೌಡರ ಜೋಡಿನ ಒದೆಗೆ ಡಮಾಮಿಯ ಚರ್ಮ ಹರಿಯಿತು. ದಾಂಡೇಲಿ ಕಾಡಿನ ಹುಲಿಗಳೆಲ್ಲ ಆ ಹೊತ್ತು ಕಣ್ಣೀರು ಹಾಕಿದವು. ಇದೂ ಮಾನ್ವೆಲ್ಲನದೇ ಮಾತು.

ಆಳುಗಳು ಮನೆ ಮನೆಗೆ ಹೋಗಿ ಮಂದಿಯನ್ನು ಎಬ್ಬಿಸಿ ಗಾಡಿ ತುಂಬಿದರು. ಮಾನ್ವೆಲ್ ಗಾಡಿಯ ಹಿಂದೆಯೇ ನಡೆದ. ತಿಂಗಳಿಂದ ಅವನದು ಒಂದೇ ಪಾಠ: ಯಾರ ಗಾಡಿಯನ್ನೂ ಹತ್ತಬಾರದು, ಯಾರ ಪಾರ್ಟಿಯ ಮಾತನ್ನೂ ಕೇಳಬಾರದು, ನಮ್ಮ ಕಾಲಲ್ಲಿ ನಾವೇ ಹೋಗಿ ಮನಸ್ಸಿಗೆ ಬಂದವರಿಗೆ ಓಟು ಹಾಕಬೇಕು.

"ಇಳೀರಿ," ಅಂದ. "ಫಾಟಾದಾಗ ಕೋಗಿಲಬನದ ಎರಡ ಸಾವಿರ ಮಂದಿ ಗಾಡಿ ಹತ್ತದ ನಿಮ್ಮ ಸಲುವಾಗಿ ನಿಂತಾರ."

"ಖರೇನೊ?" ಗಾಡಿಯೊಳಗಿಂದ ಮಾಗ್ದಲೀನಾ ಕೇಳಿದಳು.

"ನಮ್ಮಪ್ಪನ ಆಣಿ."

ಮಾಗ್ದಲೀನಾ ಧುಮುಕಿದಳು. ಇಜಾಬೆಲ್ ಇಳಿದಳು. ಮುದುಕಿ ಜುಲಿಯಾನಾಳನ್ನು ಇಬ್ಬರೂ ಹಿಡಿದು ಇಳಿಸಿದರು. ಉಳಿದವರು ತಲೆ ತಗ್ಗಿಸಿ ಕೂತರು.

"ಇಳದವರ ಗುಡಿಸಲಾ ಸಂಜೀಕ ಇರೂದಿಲ್ಲ ನೋಡ್ರಿ," ಎಂದು ಗಾಡಿ ಹೊಡೆಯುವ ಪರಸಪ್ಪ ಎತ್ತಿನ ಬಾಲ ತಿರುವಿದ.

ಕೋಗಿಲಬನದ ದಾರಿ ಕೂಡುವ ಫಾಟಾದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಎಲ್ಲೈತೊ ನಿನ್ನ ದಂಡು?" ಮಾಗ್ದಲೀನಾ ಕೇಳಿದಳು.

"ಬರಾಕತ್ತೇತಿ. ಅಕಾ, ಧೂಳ ಎದ್ದೇತಿ."

"ಅದು ಎಮ್ಮಿ ಧೂಳ, ಮಂಗ್ಯಾ."

ಜುಲಿಯಾನಾ ದಾರಿ ಬದಿಯ ಕಲ್ಲಿನ ಮೇಲೆ ಕೂತಳು. "ಖರೆ ಹೇಳಪಾ. ಗುಡಿಸಲಾ ಅಂತೂ ಹೋತು."

ಮಾನ್ವೆಲ್ ಹರಿದ ಡಮಾಮಿಯನ್ನು ಬೆನ್ನಿಗೆ ಸರಿಸಿದ.

"ಯಾರೂ ಇಲ್ಲ, ಆಯಿ. ನಮ್ಮ ಕೇರಿ ಪೂರಾ ಗಾಡಿ ಹತ್ತೂದಿಲ್ಲಂತ ಕೋಗಿಲಬನದವರಿಗೆ ಹೇಳಿದ್ನಿ. ಅವರು ಹತ್ತೂದಿಲ್ಲಂತ ನಿಮಗ ಹೇಳಿದ್ನಿ. ಅವರು ನಕ್ಕು ಬಾಗಲಾ ಹಾಕ್ಕೊಂಡ್ರು. ಹತ್ತೂದಿಲ್ಲ ಅಂದಾಂವ ನಾ ಒಬ್ಬನ."

ಮಾಗ್ದಲೀನಾ ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುದುಕಿಗೆ ಕೈ ಕೊಟ್ಟಳು.

"ಓಟಿನ ಸಾಲಿಗುಡಿ ಎಷ್ಟ ದೂರ ಐತಿ?" ಏಳುತ್ತ ಜುಲಿಯಾನಾ ಕೇಳಿದಳು.

ಇಲ್ಲೇ, ಕೂಗಳತೆ, ಅನ್ನಬೇಕೆಂದು ಅವನ ನಾಲಿಗೆ ತುದಿಗೆ ಬಂದಿತ್ತು.

"ಭಾಳ ದೂರ ಐತಿ, ಆಯಿ," ಅಂದ.